ಡಿಕ್ಕಿಯಲ್ಲಿಟ್ಟ ಔಷಧ

ಡಿಸೆಂಬರ್ ಕೊನೆಯ ವಾರ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಬೆಳಗಿನ ಜಾವ 5 ಗಂಟೆಗೆ ಎದ್ದು ಬೀದಿಗೆ ಬಂದರೆ, ಸಾಲಿನಲ್ಲಿ ಒಂದಲ್ಲ ಒಂದು ಮನೆಯ ಮುಂದೆ ಕಾರಿನ ಡಿಕ್ಕಿ ತೆರೆದಿರುತ್ತದೆ. ಮಧುರೈ, ರಾಮೇಶ್ವರ, ಕನ್ಯಾಕುಮಾರಿ ಅಂತ ಹೊರಟ ಕುಟುಂಬ. ಸೂಟ್‌ಕೇಸು, ಜಮಖಾನ, ನೀರಿನ ಕ್ಯಾನು, ಚಕ್ಕುಲಿ ನಿಪ್ಪಟ್ಟಿನ ಡಬ್ಬ ಒಂದೊಂದಾಗಿ ಒಳಗೆ ಹೋಗುತ್ತವೆ. ಎಲ್ಲ ಮುಗಿಯಿತು ಅನ್ನುವಾಗ ಅಮ್ಮ ಒಳಗಿನಿಂದ ಒಂದು ಬಟ್ಟೆ ಚೀಲ ತರುತ್ತಾರೆ. “ಅಪ್ಪಾಜಿದು ಇನ್ಸುಲಿನ್, ಮಾತ್ರೆ, ಪುಟ್ಟಿದು ಆಸ್ತಮಾ ಪಂಪು ಎಲ್ಲ ಇದರಲ್ಲೇ ಇದೆ. ಜೋಪಾನವಾಗಿ ಇಡಪ್ಪ.” ಜೋಪಾನ ಅಂದರೆ ಡಿಕ್ಕಿಯ ಮೂಲೆ. ಚೀಲ ಅಲ್ಲಿ ಕೂರುತ್ತದೆ, ಅದರ ಮೇಲೆ ಸ್ವೆಟರಿನ ಬ್ಯಾಗು, ಅದರ ಮೇಲೆ ಹೊದಿಕೆ. ಡ್ಯಾಶ್‌ಬೋರ್ಡಿನ ಗಣಪತಿಗೆ ಎರಡು ಊದುಬತ್ತಿ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಗಾಡಿ ಹೊರಡುತ್ತದೆ.

ಹೊಳೆನರಸೀಪುರದ ಹತ್ತಿರ ರಸ್ತೆ ಮೇಲೆ ಹುರುಳಿ ಹರಡಿರುತ್ತಾರೆ. ಮುಂದಿನ ಲಾರಿ ಅದರ ಮೇಲೆ ಹಾದಾಗ ಹೊಟ್ಟು ಮಂಜಿನೊಳಗೆ ಏಳುತ್ತದೆ. ಊದುಬತ್ತಿಯ ಹೊಗೆ ಕಾರಿನೊಳಗೆ ಇನ್ನೂ ಇದೆ. ಹಿಂದಿನ ಸೀಟಿನಲ್ಲಿ ಪುಟ್ಟಿಯ ಉಸಿರು ಸುಂಯ್‌ಗುಡಲು ಶುರುವಾಗುತ್ತದೆ. ಆಗ ಗಾಡಿ ನಿಲ್ಲಿಸಬೇಕು, ಇಳಿಯಬೇಕು, ಡಿಕ್ಕಿ ತೆಗೆಯಬೇಕು, ಹೊದಿಕೆ ಎಳೆಯಬೇಕು, ಸ್ವೆಟರಿನ ಬ್ಯಾಗು ಕೆಳಗಿಡಬೇಕು. ಇಷ್ಟೆಲ್ಲ ಆಗಿ ಪಂಪು ಕೈಗೆ ಬರಲು ನಾಲ್ಕೈದು ನಿಮಿಷ. ಅಷ್ಟು ಹೊತ್ತು ಮಗು ಚಳಿಗಾಳಿಯಲ್ಲಿ, ತೆರೆದ ಬಾಗಿಲ ಪಕ್ಕದಲ್ಲಿ ಬಾಯಲ್ಲಿ ಉಸಿರಾಡುತ್ತ ಕೂತಿರುತ್ತದೆ.

ಕಾಯಿಲೆ ಇರುವವರನ್ನು ಕರೆದುಕೊಂಡು ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗಬಹುದೇ ಅಂತ ಕೇಳುವವರು ಬಹಳ. ಹೋಗಬಹುದು. ಶುಗರ್ ಇದ್ದವರು, ಆಸ್ತಮಾ ಇದ್ದವರು, ಕಡಲೆಬೀಜ ಆಗದ ಮಕ್ಕಳು, ಎಲ್ಲರೂ ಹೋಗಿಬರಬಹುದು. ಆದರೆ ಪ್ರಯಾಣದ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವ ನಾವು, ಔಷಧ ಕೂತವರ ಕೈಯಿಂದ ಎಷ್ಟು ದೂರ ಇದೆ ಅಂತ ಅಳೆಯುವುದಿಲ್ಲ. ಹಾಸನದಿಂದ ಕನ್ಯಾಕುಮಾರಿಯವರೆಗಿನ ದಾರಿಯಲ್ಲಿ ಆಗುವ ಬಹುಪಾಲು ತೊಂದರೆಗಳ ಬೇರು ಈ ಎರಡನೆಯ ದೂರದಲ್ಲೇ ಇದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಚಳಿಗಾಲದಲ್ಲಿ ಇನ್ಸುಲಿನ್ ಕೆಡುವ ಬಗೆ

ಇನ್ಸುಲಿನ್ ಎಂದ ಕೂಡಲೇ ಎಲ್ಲರೂ ಐಸ್ ಹುಡುಕುತ್ತಾರೆ. ಡಿಸೆಂಬರಿನಲ್ಲಿ ಬಿಸಿಲಿಗಿಂತ ಐಸಿನಿಂದಲೇ ಹೆಚ್ಚು ಹಾಳು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ನಿಜ. ಆದರೆ ಬಳಕೆಯಲ್ಲಿರುವ ಬಾಟ್ಲಿ ಅಥವಾ ಪೆನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಒಳಗಿದ್ದರೆ ಸುಮಾರು 28 ದಿನ ತಡೆಯುತ್ತದೆ. ನಿಖರವಾದ ಮಿತಿ ಒಳಗಿನ ಚೀಟಿಯಲ್ಲಿ ಇರುತ್ತದೆ, ಅದನ್ನೇ ಪಾಲಿಸಬೇಕು. ಹಾಸನದ ಡಿಸೆಂಬರ್ ಹವೆಯಲ್ಲಿ, ಎಸಿ ಹಾಕಿದ ಕಾರಿನಲ್ಲಿ, ಕೈಚೀಲದಲ್ಲಿರುವ ಪೆನ್ನಿಗೆ ಐಸು ಬೇಕಿಲ್ಲ. ಐಸ್ ಪ್ಯಾಕಿಗೆ ನೇರವಾಗಿ ತಾಗಿದರೆ ಅದು ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಚೆನ್ನಾಗಿಯೇ ಇದ್ದರೂ ಬಿಸಾಡಬೇಕು. ಬೆಳ್ಳಗೆ ಮಂಜಾಗಿರುವ ಬಗೆಯದ್ದರಲ್ಲಿ ಗಾಜಿನ ಗೋಡೆಗೆ ಅಂಟಿದ ಹರಳು, ಮಿದುವಾಗಿ ಉರುಳಿಸಿದರೂ ಕರಗದ ಗಂಟು ಕಂಡರೆ ಅನುಮಾನವೇ ಬೇಡ. ನೀರಿನಂತೆ ತಿಳಿಯಾಗಿರಬೇಕಾದ ಬಗೆ ಮಬ್ಬಾಗಿದ್ದರೂ ಅಷ್ಟೇ.

ಹೆಪ್ಪುಗಟ್ಟುವ ಜಾಗಗಳು ಕೆಲವು ಇವೆ. ಲಾಡ್ಜಿನ ಪುಟ್ಟ ಫ್ರಿಜ್ಜಿನಲ್ಲಿ ಹಿಂದಿನ ಗೋಡೆಗೆ ತಾಗಿಸಿಟ್ಟಾಗ. ದಾರಿಯ ಅಂಗಡಿಯವರು ಒಳ್ಳೆ ಮನಸ್ಸಿನಿಂದ “ಕೊಡಿ ಸಾರ್, ಇಲ್ಲೇ ಇಡ್ತೀನಿ” ಅಂತ ಐಸ್‌ಕ್ರೀಮಿನ ಡೀಪ್ ಫ್ರೀಜರಿನಲ್ಲಿ ಇಟ್ಟಾಗ. ಊಟಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಹುಲ್ಲಿನ ಮೇಲೆ ಹಿಮ ಕೂರುವಷ್ಟು ಚಳಿ ಇಳಿಯುತ್ತದೆ, ಅಲ್ಲಿ ಕಾರಿನಲ್ಲೇ ಚೀಲ ಮರೆತರೆ ಅದೂ ಒಂದು. ಲಾಡ್ಜಿನ ಫ್ರಿಜ್ಜಿನಲ್ಲಿ ಇಡುವುದಾದರೆ ಬಾಗಿಲಿನ ಅರೆಯಲ್ಲಿ ಇಡಿ. ಕೀ ಕಾರ್ಡ್ ತೆಗೆದರೆ ಕರೆಂಟು ಹೋಗುವ ರೂಮುಗಳಲ್ಲಿ ಫ್ರಿಜ್ಜೂ ಆಫ್ ಆಗುತ್ತದೆಯೇ ಅಂತ ಮೊದಲೇ ಕೇಳಿ. ದೇವಸ್ಥಾನಕ್ಕೆ ಹೋಗಿ ನಾಲ್ಕು ಗಂಟೆ ಬಿಟ್ಟು ಬಂದರೆ ಫ್ರಿಜ್ಜು ಬೆಚ್ಚಗಾಗಿರುತ್ತದೆ.

ಬಿಸಿಲಿನ ಅಪಾಯ ಇರುವುದು ನಿಂತ ಕಾರಿನಲ್ಲಿ. ಮಧುರೈಯಲ್ಲಿ ಜನವರಿಯ ಮಧ್ಯಾಹ್ನ ಹೊರಗೆ 30 ಡಿಗ್ರಿ ಇದ್ದರೆ, ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಬಹಳ ಹೆಚ್ಚು. ಡ್ಯಾಶ್‌ಬೋರ್ಡಿನ ಮೇಲಂತೂ ಕೈ ಇಡಲಾಗದು. ಡಿಕ್ಕಿಗೂ ಎಸಿ ಗಾಳಿ ಸರಿಯಾಗಿ ಹೋಗುವುದಿಲ್ಲ. ಹಾಗಾಗಿ ನಿಯಮ ಒಂದೇ: ಮನುಷ್ಯರು ಇಳಿದರೆ ಚೀಲವೂ ಇಳಿಯಬೇಕು. ಉಳಿಕೆ ದಾಸ್ತಾನಿಗೆ ಅಗಲ ಬಾಯಿಯ ಫ್ಲಾಸ್ಕು ಸಾಕು. ತಣ್ಣೀರಲ್ಲಿ ತೊಳೆದು ನೀರು ಚೆಲ್ಲಿ, ಬಾಟ್ಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ಬಟ್ಟೆ ಸುತ್ತಿ ಇಡಬೇಕು. ಐಸ್ ಪ್ಯಾಕ್ ಇಡಲೇಬೇಕೆನಿಸಿದರೆ ಅದಕ್ಕೂ ಬಾಟ್ಲಿಗೂ ನಡುವೆ ಮಡಚಿದ ಟವೆಲ್ ಇರಲಿ.

ಇನ್ನೊಂದು ವಿಷಯ, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಚೀಲದೊಳಗೆ ಹಾಕಬೇಕು. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. ಬಾಟ್ಲಿಗಳಲ್ಲಿ ಹೆಚ್ಚಿನವು 1 ಎಂಎಲ್‌ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ಗಳು 1 ಎಂಎಲ್‌ಗೆ 100 ಯೂನಿಟ್. ಸಿರಿಂಜೂ ಬೇರೆಬೇರೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. ದಾರಿಯಲ್ಲಿ ಪೆನ್ನು ಕೆಟ್ಟಿತು, ಸಿಕ್ಕ ಮೆಡಿಕಲ್ ಸ್ಟೋರಿನಲ್ಲಿ ಕೆಂಪು ಮುಚ್ಚಳದ ಸಿರಿಂಜು ತಂದರು, ಕಾರ್ಟ್ರಿಜ್‌ನಿಂದ 20ರ ಗೆರೆಯವರೆಗೆ ಎಳೆದು ಚುಚ್ಚಿದರು ಅಂದುಕೊಳ್ಳಿ. ಒಳಗೆ ಹೋದದ್ದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು. ಇದು ಪ್ರಾಣಕ್ಕೆ ಕುತ್ತು. ತಿರುಗುಮುರುಗಾದರೆ, ಅಂದರೆ 40ರ ಬಾಟ್ಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಹೋಗುವುದು ಬರೀ 8 ಯೂನಿಟ್. ಶುಗರ್ ಏರುತ್ತಲೇ ಇರುತ್ತದೆ, ಯಾಕೆಂದು ಯಾರಿಗೂ ತಿಳಿಯದು. ಪೆನ್ನಿನವರು ಇನ್ನೊಂದು ಪೆನ್ನು, ಬಾಟ್ಲಿಯವರು ತಮ್ಮ ಬಣ್ಣದ ಸಿರಿಂಜು ಎಣಿಸಿ ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಬಳಸಿದ ಸೂಜಿಗೆ ಗಟ್ಟಿ ಪ್ಲಾಸ್ಟಿಕ್ಕಿನ ತಿರುಗು ಮುಚ್ಚಳದ ಡಬ್ಬ ಇರಲಿ. ಲಾಡ್ಜಿನ ಕಸದಬುಟ್ಟಿಗೆ ಹಾಕಿದರೆ ಬೆಳಿಗ್ಗೆ ರೂಮು ಗುಡಿಸುವವರ ಕೈಗೆ ಚುಚ್ಚುತ್ತದೆ.

ರಸ್ತೆಯ ಗಡಿಯಾರ, ಮೈಯ ಗಡಿಯಾರ

ನಮ್ಮ ಕಡೆಯಿಂದ ಮೈಸೂರಿನ ಮೇಲೆ ದಕ್ಷಿಣಕ್ಕೆ ಹೋಗುವ ದಾರಿಗಳು ಕಾಡು ದಾಟಬೇಕು, ಕಾಡಿಗೆ ಅದರದ್ದೇ ಹೊತ್ತು. ಬಂಡೀಪುರದಲ್ಲಿ ಗುಂಡ್ಲುಪೇಟೆಯಿಂದ ಊಟಿ ಕಡೆಗೂ ಸುಲ್ತಾನ್ ಬತ್ತೇರಿ ಕಡೆಗೂ ಹೋಗುವ ಎರಡೂ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. ಇದು 2009ರಿಂದ ಇರುವ ನಿಯಮ. ಚಾಮರಾಜನಗರ, ಪುಣಜನೂರು, ಹಾಸನೂರು, ದಿಂಬಂ ಮಾರ್ಗವಾಗಿ ಸತ್ಯಮಂಗಲಕ್ಕೆ ಇಳಿಯುವವರಿಗೆ 2022ರಿಂದ ಹೊಸ ಕಟ್ಟು: ಕಾರುಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6, ಭಾರಿ ವಾಹನಗಳಿಗೆ ಸಂಜೆ 6ರಿಂದಲೇ ತಡೆ. ಇದರ ಪರಿಣಾಮ ಗಮನಿಸಿ. ರಾತ್ರಿಯೆಲ್ಲ ನಿಂತ ಲಾರಿಗಳು ಬೆಳಿಗ್ಗೆ 6ಕ್ಕೆ ಒಟ್ಟಿಗೆ ಹೊರಡುತ್ತವೆ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ಒಂದು ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೂ ಹಿಂದೆ ಮುಂದೆ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಅಲ್ಲಿ ಹೋಟೆಲಿಲ್ಲ, ಹಲವೆಡೆ ಮೊಬೈಲ್ ಸಿಗ್ನಲ್ ಇಲ್ಲ, ಹುಲಿ ಆನೆಗಳ ಕಾಡಿನಲ್ಲಿ ಗಾಡಿಯಿಂದ ಇಳಿಯುವಂತೆಯೂ ಇಲ್ಲ.

ಈಗ ಮೈಯ ಗಡಿಯಾರ ತೆಗೆದುಕೊಳ್ಳಿ. ಹಳೆಯ ಬಗೆಯ ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಬೇಕು ಅಂತ ಡಾಕ್ಟರು ಹೇಳಿರುತ್ತಾರೆ. ಮನೆಯಲ್ಲಿ ಅದು ಸರಿ. ಒಲೆ ಮೇಲೆ ಏನಿದೆ ಅಂತ ಕಾಣುತ್ತದೆ. ದಾರಿಯಲ್ಲಿ ಕಾರಿನಲ್ಲೇ ಚುಚ್ಚಿಕೊಂಡು “ಇನ್ನೇನು ಹೋಟೆಲ್ ಬಂತು” ಅಂದರೆ, ಹೋಟೆಲಿನಲ್ಲಿ ಜಾಗಕ್ಕೆ ಕಾಯಬೇಕು, ಆರ್ಡರ್ ಮರೆಯುತ್ತಾರೆ, ಇಡ್ಲಿ ಮುಗಿದಿರುತ್ತದೆ. ಇನ್ಸುಲಿನ್ ಕಾಯುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಬೆವರು, ನಡುಕ, ಸಿಟ್ಟು, ಮಾತು ತೊದಲು. ದಾರಿಯಲ್ಲಿ ಇರುವಷ್ಟು ದಿನ ತಟ್ಟೆ ಟೇಬಲ್ಲಿಗೆ ಬಂದ ಮೇಲೆ ಚುಚ್ಚುವುದೇ ಹೆಚ್ಚು ಕ್ಷೇಮ. ಶುಗರ್ ಸ್ವಲ್ಪ ಏರಬಹುದು, ಆದರೆ ಬೀಳುವ ಅಪಾಯ ಕಡಿಮೆ. ಇದನ್ನು ಹೊರಡುವ ಮೊದಲು ಡಾಕ್ಟರ ಹತ್ತಿರ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಘಾಟಿ ಇಳಿಯುವ ಮೊದಲು ಹೊಟ್ಟೆ ತುಂಬ ತಿಂದು ಇನ್ಸುಲಿನ್ ತಗೊಂಡು, ಹತ್ತನೆಯ ತಿರುವಿನಲ್ಲಿ ವಾಂತಿ ಆದರೆ ಇನ್ನೂ ಕಷ್ಟ. ಇನ್ಸುಲಿನ್ ಒಳಗೆ, ಊಟ ಹೊರಗೆ. ಹಾಗಾಗಿ ದೊಡ್ಡ ಊಟ ಘಾಟಿ ಇಳಿದ ಮೇಲೆ.

ನನ್ನ ಲೆಕ್ಕದಲ್ಲಿ ಬೆಳಗಿನ ಜಾವ 5ಕ್ಕೆ ಹೊರಡುವ ರೂಢಿಯನ್ನೇ ಬಿಡಬೇಕು. ಮನೆಯಲ್ಲೇ 7ಕ್ಕೆ ಇನ್ಸುಲಿನ್, ಏಳೂವರೆಗೆ ತಿಂಡಿ, 8ಕ್ಕೆ ಹೊರಡುವುದು. ಮಂಜು ಕರಗಿರುತ್ತದೆ, ಗಾಳಿಯ ಚುರುಕು ಕಡಿಮೆಯಾಗಿರುತ್ತದೆ. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಮೈಸೂರಿಗೆ ಸುಮಾರು 120 ಕಿಲೋಮೀಟರು. ಚಿಕ್ಕಮಗಳೂರಿನವರು ಬೇಲೂರಿನ ಮೇಲೆ ಬರುವುದಕ್ಕೆ ಇನ್ನೂ ಒಂದೂವರೆ ಗಂಟೆ ಸೇರಿಸಬೇಕು, ಅಂಥವರು ಮೊದಲ ರಾತ್ರಿ ಮೈಸೂರಲ್ಲೇ ಉಳಿದರೆ ಒಳ್ಳೆಯದು. ಮಧ್ಯಾಹ್ನ 1ಕ್ಕೆ ಮೊದಲು ಚಾಮರಾಜನಗರ ದಾಟಲಾಗದಿದ್ದರೆ ಅಲ್ಲೇ ಊಟ ಮಾಡಿ ಕಾಡಿಗೆ ಇಳಿಯಿರಿ, ಊಟ ಮಿತವಾಗಿರಲಿ. ಕಾಡಿನ ಗೇಟು ದಾಟುವ ಮೊದಲು ಚೀಲದಲ್ಲಿ ನಾಲ್ಕು ಗಂಟೆಯ ಆಹಾರ ಇದೆಯೇ ಅಂತ ನೋಡಿಕೊಳ್ಳಿ: ಚಪಾತಿ, ಬಾಳೆಹಣ್ಣು, ನೀರು, ಗ್ಲೂಕೋಸ್ ಪುಡಿ.

ದಿಂಬಂ ತಿರುವುಗಳ ಮಧ್ಯೆ ನಿಂತ ಒಂದು ಕಾರನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಂಜಿನ್ ಆಫ್. ಮುಂದಿನ ಲಾರಿಯ ಹಿಂಬದಿಯಲ್ಲಿ ಬಾಳೆಗೊನೆ. ಹೊತ್ತು ಹೋಗಲೆಂದು ಅಪ್ಪಾಜಿ ಕಿತ್ತಳೆ ಹಣ್ಣು ಸುಲಿಯುತ್ತಿದ್ದಾರೆ, ತೊಳೆ ಬಿಡಿಸಿ ಮೊಮ್ಮಗಳ ಕೈಗೆ ಕೊಡುತ್ತಿದ್ದಾರೆ. ಅವರ ಹಣೆಯಲ್ಲಿ ಸಣ್ಣ ಬೆವರು. “ಸೆಕೆ ಕಣಮ್ಮ” ಅನ್ನುತ್ತಾರೆ. ಸೊಸೆಗೆ ಅನುಮಾನ ಬಂದು ಗ್ಲೂಕೋಮೀಟರ್ ತೆಗೆಯುತ್ತಾಳೆ. ಅದೇ ಬೆರಳು ಚುಚ್ಚಿ ಹನಿ ಹಿಡಿದರೆ 190 ತೋರಿಸುತ್ತದೆ. “ಜಾಸ್ತೀನೇ ಇದೆ ಮಾವ, ಏನೂ ತಿನ್ನಬೇಡಿ.” ಇಲ್ಲಿ ತಪ್ಪಿದ್ದು ಮೀಟರಲ್ಲ, ಬೆರಳು. ಕಿತ್ತಳೆಯ ರಸ ಬೆರಳ ತುದಿಗೆ ಒಣಗಿ ಅಂಟಿರುತ್ತದೆ, ಒಂದು ಹನಿ ರಕ್ತಕ್ಕೆ ಅಷ್ಟು ಸಕ್ಕರೆ ಬೆರೆತರೆ ಅಂಕಿ ಎಷ್ಟೋ ಮೇಲೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿ, ನೀರು ಹಾಕಿ ತೊಳೆದು, ಒಣಗಿಸಿ, ಇನ್ನೊಂದು ಕೈಯ ಬೆರಳು ಚುಚ್ಚಿದರೆ 58. ಈಗ ಮಾಡಬೇಕಾದ್ದು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ ತುಂಬ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಅರ್ಧ ಲೋಟ ನೀರಲ್ಲಿ ಕದಡಿ ಕುಡಿಸುವುದು. 15 ನಿಮಿಷ ಬಿಟ್ಟು ಮತ್ತೆ ನೋಡುವುದು. 70ಕ್ಕಿಂತ ಕೆಳಗೇ ಇದ್ದರೆ ಮತ್ತೆ ಅಷ್ಟೇ ಕೊಡುವುದು. ಮೇಲೆ ಬಂದ ಮೇಲೆ ಒಂದು ಚಪಾತಿ. ಚಾಕಲೇಟು ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರೇ ಗಾಡಿ ಓಡಿಸುವುದಾದರೆ ಹೊರಡುವ ಮುಂಚೆ ಒಮ್ಮೆ, ಆಮೇಲೆ ಎರಡೆರಡು ಗಂಟೆಗೆ ಒಮ್ಮೆ ನೋಡಲೇಬೇಕು. ಒಮ್ಮೆ ಕೆಳಗಿಳಿದರೆ, ಅಂಕಿ ಸರಿಹೋದ ಮೇಲೂ 45 ನಿಮಿಷ ಸ್ಟೀರಿಂಗ್ ಮುಟ್ಟಬಾರದು. ಅಂಕಿ ಏರಿದಷ್ಟು ಬೇಗ ಮಿದುಳು ಚುರುಕಾಗುವುದಿಲ್ಲ.

ಊಟಿ ಮೇಲೆ ಹೋಗುವವರಿಗೆ ಎರಡು ಮಾತು. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕು, ಹೊರಡುವ ಮುನ್ನವೇ ಮಾಡಿಟ್ಟುಕೊಳ್ಳಿ. ಅಲ್ಲಿ ಪ್ಲಾಸ್ಟಿಕ್ ನೀರಿನ ಬಾಟ್ಲಿ ನಿಷಿದ್ಧ, ಮಾತ್ರೆಗೂ ಗ್ಲೂಕೋಸಿಗೂ ನೀರು ಬೇಕಾದವರು ಸ್ಟೀಲ್ ಬಾಟ್ಲಿಯನ್ನೇ ಒಯ್ಯಬೇಕು.

ಉಸಿರಿಗೆ ತಾಗುವವು

ಆಸ್ತಮಾ ಇರುವ ಮಗುವಿನ ಪ್ರಯಾಣ ಕಾರಿನಿಂದಲೇ ಶುರುವಾಗುತ್ತದೆ. ಗ್ಲೋವ್ ಬಾಕ್ಸಿನ ಹಿಂದೆ ಎಸಿಯ ಕ್ಯಾಬಿನ್ ಫಿಲ್ಟರ್ ಇರುತ್ತದೆ, ಹೊರಡುವ ವಾರಕ್ಕೆ ಮೊದಲು ಅದನ್ನು ಬದಲಾಯಿಸಿ. ಕಾಫಿ ಕಣದ ಧೂಳು, ಮಳೆಗಾಲದ ಬೂಸ್ಟು ಎಲ್ಲ ಅದರಲ್ಲೇ ಕೂತಿರುತ್ತದೆ. ಎಸಿ ಹಾಕಿದ ಮೊದಲ ಎರಡು ಮೂರು ನಿಮಿಷ ಗಾಜು ಇಳಿಸಿಟ್ಟರೆ ಒಳಗಿನ ಮುಗ್ಗಲು ಗಾಳಿ ಹೊರಗೆ ಹೋಗುತ್ತದೆ. ಸುವಾಸನೆಯ ಜೆಲ್ ಡಬ್ಬಿ ತೆಗೆದು ಮನೆಯಲ್ಲಿಡಿ. ಊದುಬತ್ತಿ ಬೇಡವೆಂದರೆ ಹಿರಿಯರಿಗೆ ಬೇಸರವಾದೀತು, ಅದನ್ನು ಬಾಗಿಲ ಹೊರಗೆ ಬಾನೆಟ್ಟಿನ ಮೇಲೆ ಬೆಳಗಿದರೆ ಪೂಜೆಯೂ ಆಯಿತು, ಮಗುವಿನ ಎದೆಯೂ ಉಳಿಯಿತು.

ಡಿಸೆಂಬರ್, ಜನವರಿ ನಮ್ಮಲ್ಲಿ ಒಕ್ಕಣೆ ಕಾಲ. ರಾಗಿ, ಹುರುಳಿ ರಸ್ತೆ ಮೇಲೇ ಹರಡಿರುತ್ತವೆ. ದೂರದಿಂದ ಕಂಡಾಗಲೇ ಗಾಜು ಏರಿಸಿ ಎಸಿಯನ್ನು ಒಳಗಾಳಿಯೇ ಸುತ್ತುವ ಬಟನ್ನಿಗೆ ಹಾಕಿ. ದಾಟಿ ಸ್ವಲ್ಪ ದೂರ ಹೋದ ಮೇಲೆ ಅದನ್ನು ತೆಗೆಯಲು ಮರೆಯಬೇಡಿ. ಐದು ಜನ ಉಸಿರಾಡುವ ಕಾರಿನಲ್ಲಿ ಒಳಗಾಳಿಯನ್ನೇ ಬಹಳ ಹೊತ್ತು ಸುತ್ತಿಸಿದರೆ ಡ್ರೈವರಿಗೆ ತೂಕಡಿಕೆ ಬರುತ್ತದೆ, ಗಾಜಿಗೆ ಮಂಜು ಕಟ್ಟುತ್ತದೆ. ಹುಲ್ಲಿನ ಮೇಲೆ ಹಾದರೆ ಅದು ಆಕ್ಸಲ್ಲಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡದ್ದೂ ಉಂಟು. ಆದಷ್ಟು ಪಕ್ಕದಲ್ಲಿ ಹೋಗಿ, ಆಮೇಲೆ ಒಮ್ಮೆ ನಿಲ್ಲಿಸಿ ಬಗ್ಗಿ ನೋಡಿ. ತಮಿಳುನಾಡಿನ ರಾಮನಾಥಪುರದ ಬಯಲಿನಲ್ಲಿ ಮೈಲುಗಟ್ಟಲೆ ಬಳ್ಳಾರಿ ಜಾಲಿ. ಅದರ ಪರಾಗ ಹಲವರಿಗೆ ಆಗುವುದಿಲ್ಲ. ರಾಮೇಶ್ವರದ ದಾರಿಯಲ್ಲಿ ಕಣ್ಣು ತುರಿಕೆ, ಸೀನು ಬಂದರೆ ಕಾರಣ ಅದೂ ಇರಬಹುದು.

ಪಂಪಿನ ವಿಷಯ. ಉಸಿರು ಕಟ್ಟಿದಾಗ ಬಳಸುವ ನೀಲಿ ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್. ಎಣಿಕೆ ತೋರಿಸುವ ಕಿಟಕಿ ಇಲ್ಲದಿದ್ದರೆ ಶುರು ಮಾಡಿದ ತಾರೀಖನ್ನು ಮಾರ್ಕರಿನಲ್ಲಿ ಬರೆದಿಡಿ. ನೀರಲ್ಲಿ ತೇಲಿಸಿ ನೋಡುವುದನ್ನು ನಂಬಬೇಡಿ. ಅಲುಗಾಡಿಸಿದರೆ ಸದ್ದು ಬರುತ್ತದೆ ಅಂದ ಮಾತ್ರಕ್ಕೆ ಔಷಧ ಇದೆ ಅಂತಲ್ಲ, ಅದು ಬರೀ ಗಾಳಿ ಒತ್ತುವ ದ್ರವವೂ ಇರಬಹುದು. ಎರಡು ವಾರ ಬಳಸದೆ ಇದ್ದ ಪಂಪನ್ನು ಮೊದಲು ಕೆಲವು ಸಲ ಗಾಳಿಗೆ ಒತ್ತಿ ಬಿಡಬೇಕು. ಚಳಿಗೆ ತಣ್ಣಗಾದ ಪಂಪಿನಿಂದ ಔಷಧ ಸರಿಯಾಗಿ ಚಿಮ್ಮುವುದಿಲ್ಲ, ಅಂಗೈಯಲ್ಲಿ ಎರಡು ನಿಮಿಷ ಹಿಡಿದು ಬೆಚ್ಚಗೆ ಮಾಡಬೇಕು. ಕ್ಯಾಪ್ಸೂಲ್ ಒಡೆದು ಎಳೆಯುವ ಬಗೆಯದ್ದು ದಿನನಿತ್ಯಕ್ಕೆ ಸರಿ, ಆದರೆ ಅದಕ್ಕೆ ಜೋರಾಗಿ ಉಸಿರೆಳೆಯುವ ಶಕ್ತಿ ಬೇಕು. ದಮ್ಮು ಕಟ್ಟಿದ ಮಗುವಿಗೆ ಆ ಶಕ್ತಿಯೇ ಇರುವುದಿಲ್ಲ. ಆದ್ದರಿಂದ ಪಂಪು ಮತ್ತು ಅದಕ್ಕೆ ಸಿಕ್ಕಿಸುವ ಸ್ಪೇಸರ್ ಕೊಳವೆ ಎರಡೂ ಮುಂದಿನ ಸೀಟಿನ ಬೆನ್ನಿಗೆ ನೇತುಹಾಕಿದ ಚೀಲದಲ್ಲಿ ಇರಬೇಕು.

ಬಳಸುವ ಕ್ರಮ: ಮಗು ನೆಟ್ಟಗೆ ಕೂರಲಿ, ಮಲಗಿಸಬೇಡಿ. ಪಂಪು ಅಲುಗಾಡಿಸಿ ಒಂದು ಪಫ್ ಸ್ಪೇಸರಿಗೆ, ಐದಾರು ಉಸಿರು. ಮತ್ತೆ ಅಲುಗಾಡಿಸಿ ಇನ್ನೊಂದು. ಹೀಗೆ ನಾಲ್ಕರಿಂದ ಆರು. ಎರಡು ಮೂರು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ಸ್ಪೇಸರಿನ ಗೋಡೆಗೇ ಹೋಗುತ್ತವೆ. ಆರಾಮ ಆಗದಿದ್ದರೆ ಆಸ್ಪತ್ರೆ ಕಡೆ ಗಾಡಿ ತಿರುಗಿಸಿ, ದಾರಿಯಲ್ಲೇ 20 ನಿಮಿಷಕ್ಕೆ ಮತ್ತೆ ಅದೇ ಕ್ರಮ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೇದುತ್ತಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಕಾಯಲೇಬಾರದು. 108 ಕರ್ನಾಟಕ, ತಮಿಳುನಾಡು, ಕೇರಳ ಮೂರರಲ್ಲೂ ನಡೆಯುತ್ತದೆ. 112 ದೇಶಕ್ಕೆಲ್ಲ ಒಂದೇ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033.

ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಯಂತ್ರವನ್ನು ಕಾರಿನ ಸಾಕೆಟ್ಟಿಗೆ ಇನ್ವರ್ಟರ್ ಹಾಕಿ ನಡೆಸುವವರು ಮೊದಲು ವ್ಯಾಟ್ ನೋಡಬೇಕು. 12 ವೋಲ್ಟಿನ ಸಾಕೆಟ್ಟಿಗೆ 10 ಆಂಪಿಯರ್ ಫ್ಯೂಸ್ ಇದ್ದರೆ ಸಿಗುವುದು ಹೆಚ್ಚೆಂದರೆ 120 ವ್ಯಾಟ್. ಕಂಪ್ರೆಸರ್ ನೆಬುಲೈಸರ್ ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಎಳೆದು ಫ್ಯೂಸ್ ಹಾರಿಸಬಹುದು. ಹೊರಡುವ ಹಿಂದಿನ ದಿನ ಮನೆ ಮುಂದೆ ಒಮ್ಮೆ ನಡೆಸಿ ನೋಡಿ. ಬ್ಯಾಟರಿಯ ಮೆಶ್ ನೆಬುಲೈಸರ್ ಇದ್ದರೆ ಈ ತಾಪತ್ರಯವೇ ಇಲ್ಲ.

ಲಾಡ್ಜಿನಲ್ಲಿ ನೋಡಬೇಕಾದ್ದು ಹಾಸಿಗೆ. ಬೀರುವಿನಿಂದ ತೆಗೆದ ರಜಾಯಿ, ಕಂಬಳಿಗಳಲ್ಲಿ ಧೂಳಿನ ಹುಳ, ನುಸಿಗುಳಿಗೆಯ ವಾಸನೆ ಎರಡೂ ಇರುತ್ತವೆ. ಮಗುವಿಗೆ ಮನೆಯದ್ದೇ ದಿಂಬಿನ ಕವರು, ಬೆಡ್‌ಶೀಟು, ಹೊದಿಕೆ ಒಯ್ಯಿರಿ. ಸೊಳ್ಳೆ ಬತ್ತಿ ಬೇಡವೆಂದು ಹೇಳಿ ಪರದೆ ಕೇಳಿ. ರಾಮೇಶ್ವರದ 22 ತೀರ್ಥಗಳಲ್ಲಿ ಬಕೆಟ್ ಬಕೆಟ್ ನೀರು ಹೊಯ್ಯಿಸಿಕೊಂಡು ಒದ್ದೆ ಬಟ್ಟೆಯಲ್ಲಿ ತಾಸುಗಟ್ಟಲೆ ನಡೆಯುವಾಗಲೂ ಪಂಪು ಜೊತೆಗಿರಬೇಕು. ಜಿಪ್ ಹಾಕುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಮ್ಮನ ಸೊಂಟಕ್ಕೆ ಕಟ್ಟಿಕೊಳ್ಳಬಹುದು.

ಕಡಲೆ ಅಂದರೆ ಯಾವ ಕಡಲೆ?

ಕಡಲೆಬೀಜ ಆಗದ ಮಗುವಿರುವ ಮನೆಯವರು ಸತ್ಯಮಂಗಲ ದಾಟಿದ ಮೇಲಿನ ಮೊದಲ ಹೋಟೆಲಿನಲ್ಲಿ ಕೇಳುವ ಪ್ರಶ್ನೆ, “ಚಟ್ನಿಗೆ ಏನು ಹಾಕಿದೀರಣ್ಣ?” ಸಪ್ಲೈಯರ್ ಹೇಳುತ್ತಾನೆ, “ತೇಂಗಾಯ್, ಕಡಲೈ.” ಅಮ್ಮನ ಮುಖ ನಿರಾಳ. ಕಾಯಿ, ಕಡಲೆ, ನಮ್ಮ ಮನೆ ಚಟ್ನಿಯ ಹಾಗೇ ಹುರಿಗಡಲೆ. ಮಗುವಿನ ಎಲೆಗೆ ಚಟ್ನಿ ಬೀಳುತ್ತದೆ. ಆದರೆ ತಮಿಳಿನಲ್ಲಿ ಬರೀ ‘ಕಡಲೈ’ ಅಂದರೆ ಜನ ಸಾಮಾನ್ಯವಾಗಿ ಹೇಳುವುದು ನಮ್ಮ ಕಡಲೆಕಾಯಿಯನ್ನೇ. ಅವರ ಕಡಲೈ ಮಿಠಾಯಿ ನಮ್ಮ ಕಡಲೆಬೀಜದ ಚಿಕ್ಕಿ. ಹುರಿಗಡಲೆಗೆ ಅವರ ಮಾತು ‘ಪೊಟ್ಟುಕಡಲೈ’, ಕಡಲೆಬೇಳೆಗೆ ‘ಕಡಲೈ ಪರುಪ್ಪು’. ಕಡಲೆಕಾಯಿಗೆ ತಪ್ಪಿಲ್ಲದ ಹೆಸರು ‘ವೇರ್ಕಡಲೈ’ ಅಥವಾ ‘ನಿಲಕ್ಕಡಲೈ’. ಕೇರಳಕ್ಕೆ ಹೋದರೆ ‘ಕಡಲ’ ಎಂದರೆ ‘ಪುಟ್ಟು’ ಎಂಬ ತಿಂಡಿಯ ಜೊತೆ ಕೊಡುವ ಕಪ್ಪು ಕಡಲೆಕಾಳು, ಕಡಲೆಕಾಯಿಗೆ ‘ನಿಲಕ್ಕಡಲ’ ಅಥವಾ ‘ಕಪ್ಪಲಂಡಿ’. ಮೂರು ರಾಜ್ಯದಲ್ಲೂ ಒಂದೇ ಮಾತು, ತಮಿಳುನಾಡಿನಲ್ಲಿ ಮಾತ್ರ ಬೇರೆ ಕಾಳು. ಮಾತು ಹೋಲುವುದರಿಂದಲೇ ಇಲ್ಲಿ ಅಪಾಯ. ಹಿಂದಿಯೋ ಇಂಗ್ಲಿಷೋ ಆಡಿದ್ದರೆ ಇಬ್ಬರೂ ಎರಡನೇ ಸಲ ಕೇಳುತ್ತಿದ್ದರು.

ಹಾಗಾಗಿ ಅಂಗೈ ಅಗಲದ ಕಾರ್ಡು ಮಾಡಿಸಿ. ಒಂದು ಕಡೆ ತಮಿಳು, ಇನ್ನೊಂದು ಕಡೆ ಮಲಯಾಳಂ ಲಿಪಿಯಲ್ಲಿ “ಈ ಮಗುವಿಗೆ ಕಡಲೆಕಾಯಿ ತಿಂದರೆ ಜೀವಕ್ಕೆ ಅಪಾಯ, ಕಾಳು, ಪುಡಿ, ಎಣ್ಣೆ ಯಾವುದೂ ಬೇಡ” ಅಂತಿರಲಿ, ಮೇಲೆ ಸಿಪ್ಪೆ ಸಹಿತ ಕಡಲೆಕಾಯಿಯ ಚಿತ್ರ. ಭಾಷೆ ಬಲ್ಲವರಿಂದ ಬರೆಸಿ. ಅದನ್ನು ಅಡುಗೆಮನೆಯ ಭಟ್ಟರ ಕೈಗೆ ಹೋಗುವಂತೆ ಮಾಡಿ, ಸಪ್ಲೈಯರಿಗೆ ತೋರಿಸಿ ವಾಪಸ್ ತಗೊಂಡರೆ ಸಾಲದು. ಎಣ್ಣೆ ಯಾವುದು ಅಂತಲೂ ಕೇಳಬೇಕು. ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಬಹುಮಟ್ಟಿಗೆ ಹೋಗಿರುತ್ತದೆ. ಗಾಣದ ಎಣ್ಣೆಯಲ್ಲಿ, ಅವರ ‘ಚೆಕ್ಕು ಎಣ್ಣೈ’ಯಲ್ಲಿ, ಅದು ಉಳಿದಿರುತ್ತದೆ. ಗಾಣದ್ದು ಆರೋಗ್ಯಕ್ಕೆ ಒಳ್ಳೆಯದು ಅಂತ ಬೋರ್ಡು ಹಾಕಿದ ಹೋಟೆಲೇ ಈ ಮಗುವಿಗೆ ಆಗದ ಜಾಗ. ಎಳ್ಳು ಆಗದವರಿಗೆ ಇಡ್ಲಿ ಪುಡಿ ಮತ್ತು ಅದರ ಮೇಲೆ ಹಾಕುವ ‘ನಲ್ಲೆಣ್ಣೈ’ ಎರಡೂ ಬೇಡ, ಅದು ಎಳ್ಳೆಣ್ಣೆ. ಗೋಧಿ ಆಗದವರಿಗೆ ಇಡ್ಲಿ ಕ್ಷೇಮ, ಆದರೆ ಸಾಂಬಾರಿನ ಇಂಗು ನೋಡಬೇಕು. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುವುದು ಸಾಮಾನ್ಯ. ಪ್ಯಾಕೆಟ್ಟಿನ ತಿಂಡಿಗಳ ಮೇಲೆ ಅಲರ್ಜಿ ಪದಾರ್ಥ ಬರೆಯಬೇಕೆಂಬ ನಿಯಮ ನಮ್ಮಲ್ಲಿದೆ: ಗೋಧಿಯಂಥ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಗೋಡಂಬಿಯಂಥ ಬೀಜ, ಸೋಯಾ. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಎಳ್ಳಿನವರು ಪದಾರ್ಥಗಳ ಸಾಲನ್ನು ಪೂರ್ತಿ ಓದಲೇಬೇಕು.

ನಮ್ಮದೇ ಡಬ್ಬಗಳನ್ನೂ ಬಿಡಬಾರದು. ನಿಪ್ಪಟ್ಟಿನಲ್ಲಿ ಕಡಲೆಬೀಜ ಇರುತ್ತದೆ. ಚಿತ್ರಾನ್ನ, ಪುಳಿಯೋಗರೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಅರೆದ ಚಟ್ನಿಯಲ್ಲಿ ಕಾಣುವುದಿಲ್ಲ. ಸಂಕ್ರಾಂತಿಯ ಆಸುಪಾಸು ಹೊರಟರೆ ನೆಂಟರ ಮನೆಗೆಂದು ಎಳ್ಳುಬೆಲ್ಲದ ಪೊಟ್ಟಣ ಕಾರಿಗೆ ಬರುತ್ತದೆ. ಅದರಲ್ಲಿ ಎಳ್ಳು, ಕಡಲೆಬೀಜ ಎರಡೂ ಇವೆ, ಸಣ್ಣ ಚೂರು ಸೀಟಿನ ಹೊಲಿಗೆಯೊಳಗೆ ಸೇರಿಕೊಳ್ಳುತ್ತವೆ. ಅದು ಡಬ್ಬದಲ್ಲಿ ಮುಚ್ಚಿ ಡಿಕ್ಕಿಯಲ್ಲಿ ಇರಲಿ, ಡಿಕ್ಕಿ ಇರುವುದು ಇಂಥದ್ದಕ್ಕೆ. ತಿಂದವರು ಸೋಪು ನೀರಲ್ಲಿ ಕೈ ತೊಳೆಯಬೇಕು, ನೀರಿಲ್ಲದ ಕಡೆ ಒದ್ದೆ ವೈಪ್ಸ್. ಸ್ಯಾನಿಟೈಸರ್ ರೋಗಾಣುವನ್ನು ಕೊಲ್ಲುತ್ತದೆ, ಕಡಲೆಬೀಜದ ಪ್ರೋಟೀನನ್ನು ತೆಗೆಯುವುದಿಲ್ಲ.

ತಪ್ಪಿ ತಿಂದು ತುಟಿ ಊದಿ, ಮೈ ದದ್ದು ಎದ್ದು, ಜೊತೆಗೆ ಕೆಮ್ಮು, ದನಿ ಬದಲು, ವಾಂತಿ ಅಥವಾ ತಲೆಸುತ್ತು ಬಂದರೆ ಅದಕ್ಕೆ ಔಷಧ ಅಡ್ರಿನಲಿನ್ ಒಂದೇ. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಗಂಟಲನ್ನು ತೆರೆಯುವುದಿಲ್ಲ. ತೊಡೆಗೆ ಒತ್ತಿದರೆ ಸಾಕೆನ್ನುವ ಆಟೋ ಇಂಜೆಕ್ಟರ್ ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಇಂಥ ಮಕ್ಕಳ ತಂದೆತಾಯಿ ಡಾಕ್ಟರ ಬಳಿ ಕೂತು ಅಡ್ರಿನಲಿನ್ ತುಂಬಿದ ಪುಟ್ಟ ಗಾಜಿನ ಆಂಪೂಲು ಒಡೆದು 1 ಎಂಎಲ್ ಸಿರಿಂಜಿಗೆ ಎಳೆಯುವುದನ್ನು ಕಲಿತುಕೊಳ್ಳಬೇಕು. 1 ಎಂಎಲ್‌ನಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಿನಿಂದ ಪ್ರತಿ ಕೆ.ಜಿ. ತೂಕಕ್ಕೆ 0.01 ಎಂಎಲ್, ಅಂದರೆ 20 ಕೆ.ಜಿ. ಮಗುವಿಗೆ 0.2, 30 ಕೆ.ಜಿ.ಗೆ 0.3. ದೊಡ್ಡವರಿಗೆ 0.5 ದಾಟಬಾರದು. ತೊಡೆಯ ಹೊರಬದಿಯ ನಡುಭಾಗದ ಸ್ನಾಯುವಿಗೆ, ನೆಟ್ಟಗೆ. ನಿಮ್ಮ ಮಗುವಿನ ಅಳತೆಯನ್ನು ಡಾಕ್ಟರೇ ಚೀಟಿಯಲ್ಲಿ ಬರೆದುಕೊಡಲಿ, ಗಾಬರಿಯಲ್ಲಿ ದಶಮಾಂಶ ತಪ್ಪುತ್ತದೆ. ಆಂಪೂಲನ್ನು ಬೆಳಕು ತಾಗದಂತೆ ಇಡಬೇಕು, ಫ್ರಿಜ್ಜು ಬೇಕಿಲ್ಲ, ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಬಾರದು. ಚುಚ್ಚಿದ ಮೇಲೆ ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಿಗೆ ಕಷ್ಟವಿದ್ದರೆ ಕಾಲು ಚಾಚಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. 5ರಿಂದ 15 ನಿಮಿಷದಲ್ಲಿ ಇಳಿಯದಿದ್ದರೆ ಎರಡನೆಯದು, ಅದಕ್ಕೇ ಕನಿಷ್ಠ ಎರಡು ಆಂಪೂಲು. ಆಮೇಲೆ ಆರಾಮ ಕಂಡರೂ ಆಸ್ಪತ್ರೆಗೆ ಹೋಗಿ ಗಂಟೆಗಟ್ಟಲೆ ಇರಲೇಬೇಕು, ಇಳಿದ ಅಲರ್ಜಿ ಮತ್ತೆ ಏಳುವುದುಂಟು. ಚಾಮರಾಜನಗರದಲ್ಲಿ ಚುಚ್ಚಿದ್ದಾದರೆ ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ನಿಲ್ಲಿ. “ಆರಾಮಾಗಿದ್ದಾಳಲ್ಲ, ಗೇಟು ಮುಚ್ಚೋದರೊಳಗೆ ಹೋಗಿಬಿಡೋಣ” ಅಂತ ಸಿಗ್ನಲ್ ಇಲ್ಲದ ಕಾಡಿಗೆ ಇಳಿಯುವುದು ಬೇಡವೇ ಬೇಡ.

ಚೀಟಿ, ಲೆಕ್ಕ, ಅಂಗಾಲು

ಔಷಧ ಎಷ್ಟು ದಿನಕ್ಕೆ ಬೇಕೋ ಅದರ ಎರಡರಷ್ಟು, ಎರಡು ಚೀಲದಲ್ಲಿ. ಒಂದು ಸೀಟಿನ ಹತ್ತಿರ, ಇನ್ನೊಂದು ಮನೆಯ ಬೇರೊಬ್ಬರ ಕೈಚೀಲದಲ್ಲಿ. ಪೊಂಗಲ್ ವಾರದಲ್ಲಿ ತಮಿಳುನಾಡಿನ ಸಣ್ಣ ಊರುಗಳಲ್ಲಿ ಅಂಗಡಿ ಬಾಗಿಲು ಹಾಕಿರುತ್ತವೆ. ಶಬರಿಮಲೆಯ ಕಾಲ ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ, ಆಗ ರೂಮು ಸಿಗುವುದೂ ಕಷ್ಟ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿರಬೇಕು. ಹಾಸನದಲ್ಲಿ ಸಿಗುವ ಕಂಪನಿ ತಿರುನೆಲ್ವೇಲಿಯಲ್ಲಿ ಸಿಗದಿದ್ದರೂ ಒಳಗಿನ ಔಷಧ ಸಿಗುತ್ತದೆ.

ಕೊನೆಯದಾಗಿ ಕಾಲು. ಶ್ರವಣಬೆಳಗೊಳದ ಬೆಟ್ಟವನ್ನು ಮಧ್ಯಾಹ್ನ ಬರಿಗಾಲಲ್ಲಿ ಹತ್ತಿದವರಿಗೆ ಬಿಸಿಬಂಡೆ ಏನೆಂದು ಹೇಳಬೇಕಿಲ್ಲ. ಮಧುರೈ ಗುಡಿಯ ಬಯಲು ಹಾಸುಗಲ್ಲೂ ಹಾಗೇ ಕಾಯುತ್ತದೆ. ವರ್ಷಗಟ್ಟಲೆ ಶುಗರ್ ಇದ್ದು ಪಾದದ ಸ್ಪರ್ಶ ಕಡಿಮೆಯಾದವರಿಗೆ ಆ ಬಿಸಿ ತಿಳಿಯುವುದೇ ಇಲ್ಲ. ಬೆಳಿಗ್ಗೆ 10ರೊಳಗೆ ಅಥವಾ ಸಂಜೆ ಹೋಗಿ. ರಾತ್ರಿ ರೂಮಿಗೆ ಬಂದ ಮೇಲೆ ಅಪ್ಪಾಜಿ ಮಂಚದ ಮೇಲೆ ಕಾಲು ಚಾಚಲಿ, ಮನೆಯವರೊಬ್ಬರು ಮೊಬೈಲಿನ ಟಾರ್ಚ್ ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡಲಿ. ಗುಳ್ಳೆ, ಮುಳ್ಳು, ಸಣ್ಣ ಕೆಂಪು ಗೆರೆ, ಸಂದಿನಲ್ಲಿ ಉಳಿದ ತೇವ. ಒರೆಸಿ, ಸಂದು ಒಣಗಿಸಿ, ಹಿಮ್ಮಡಿಗೆ ಸ್ವಲ್ಪ ಕೊಬ್ಬರಿಎಣ್ಣೆ ಸವರಿ, ಹತ್ತಿಯ ಕಾಲುಚೀಲ ಹಾಕಿ ಮಲಗಿಸಿದರೆ ಬೆಳಿಗ್ಗೆ ತಿರುನೆಲ್ವೇಲಿ ದಾರಿಗೆ ಅವರು ಸಿದ್ಧ.